ಹೊಗೆಯ ಬಣ್ಣ, ಎಂಜಿನ್ನಿನ ವ್ಯಾಧಿ
2014ರಲ್ಲಿ ತಯಾರಿಕೆಯೇ ನಿಂತುಹೋದ ಅಂಬಾಸಿಡರ್ ಕಾರೊಂದು ಬೈಲಹೊಂಗಲದಿಂದ ಹೊರಟು ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರುವಾಗ ಏದುಸಿರು ಬಿಡತೊಡಗಿದರೆ, ಅನುಭವಿಯಾದ ಮಿಸ್ತ್ರಿಯು ಪಾನಾ ಕೈಗೆತ್ತಿಕೊಳ್ಳುವ ಮುನ್ನ ಸೈಲೆನ್ಸರಿನ ಹೊಗೆಯ ವರ್ಣವನ್ನು ಅವಲೋಕಿಸಿ, ನೀಲಿಯಾದರೆ ಪಿಸ್ಟನ್ ರಿಂಗುಗಳು ಸವೆದು ಆಯಿಲ್ ಉರಿಯುತ್ತಿದೆಯೆಂದೂ, ಕಪ್ಪಾದರೆ ಕಾರ್ಬುರೇಟರು ಪೆಟ್ರೋಲನ್ನು ಮಿತಿಮೀರಿ ಸುರಿಯುತ್ತಿದೆಯೆಂದೂ, ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಸಿಲಿಂಡರಿಗಿಳಿಯುತ್ತಿರಬೇಕೆಂದೂ ಊಹಿಸುವನು. ಬಳಿಕ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚಿ ಅಂಗೈಯಲ್ಲಿಟ್ಟು ನೋಡುತ್ತಾನೆ. ತುದಿ ತಿಳಿಗಂದಾಗಿದ್ದರೆ ಆ ಸಿಲಿಂಡರು ನಿರೋಗಿ, ಎಣ್ಣೆಯಿಂದ ತೊಯ್ದು ಕಪ್ಪಾಗಿದ್ದರೆ ವ್ಯಾಧಿಯ ಮೂಲವು ಅಲ್ಲಿಯೇ. ಆದುದರಿಂದ ಹಳೆಯ ಕಾರನ್ನು ಕೊಳ್ಳುವವರು ತಣ್ಣಗಿರುವ ಎಂಜಿನ್ನನ್ನೇ ತಮ್ಮೆದುರು ಚಾಲೂ ಮಾಡಿಸಬೇಕು; ಮೊದಲೇ ಕಾಯಿಸಿಟ್ಟ ಎಂಜಿನ್ನು ಅನೇಕ ದೋಷಗಳನ್ನು ಮರೆಮಾಚುತ್ತದೆ.