ಹುಡುಗಿಗೂ ಒಂದು ಮಾತು ಹೇಳಿ

2014ರ ಮಳೆಗಾಲ. ಬೀರೂರು ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಹದಿಮೂರು ವರ್ಷದ ಹುಡುಗಿಯೊಬ್ಬಳು ಸಿಮೆಂಟು ಬೆಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತಿದ್ದಳು. ಬೆಂಗಳೂರಿನ ರೈಲು ಬಂದು ನಿಂತಿತ್ತು. ಅವಳ ಅಮ್ಮ ರಟ್ಟೆ ಹಿಡಿದು ಎಳೆಯುತ್ತಿದ್ದಳು. ನಾನು ಚೀಲ ಹೊತ್ತು ನಿಂತಿದ್ದೆ.

“ನಾನು ಬರಲ್ಲ. ಡಾಕ್ಟ್ರೂ ಸುಳ್ಳು ಹೇಳ್ತಾರೆ, ಅಮ್ಮನೂ ಸುಳ್ಳು ಹೇಳ್ತಾಳೆ, ನೀವೂ ಸುಳ್ಳು ಹೇಳ್ತೀರಿ ಟೀಚರ್” ಎಂದಳು. ರೈಲು ಹೊರಟುಹೋಯಿತು.

ಅವಳು ನನ್ನ ಎಂಟನೆಯ ತರಗತಿಯ ಹುಡುಗಿ. ಹೆಬ್ಬೆ ಕಡೆಯ ಕಾಫಿ ತೋಟದ ಕೂಲಿ ಲೈನಿನಿಂದ ಬರುತ್ತಿದ್ದಳು. ಹೆಬ್ಬೆ ಎಂದರೆ ನಿಮ್ಮಲ್ಲಿ ಅನೇಕರಿಗೆ ಕೆಮ್ಮಣ್ಣುಗುಂಡಿಗೆ ಹೋದಾಗ ಜೀಪು ಹತ್ತಿ ನೋಡಿಬಂದ ಜಲಪಾತ. ಅಲ್ಲಿ ಬಾಳುವವರಿಗೆ ಅದು, ಮಗುವಿಗೆ ಜ್ವರ ಬಂದರೆ ಲಿಂಗದಹಳ್ಳಿಗೋ ತರೀಕೆರೆಗೋ ಇಳಿದು ಹೋಗಬೇಕಾದ ದೂರ. ಬಿಡದ ಜ್ವರ, ಬಿಳಿಚಿದ ಮುಖ, ಪೆಟ್ಟು ಬೀಳದಿದ್ದರೂ ಕಾಲ ಮೇಲೆ ನೀಲಿ ಕಲೆ. ಪರೀಕ್ಷೆ ಮಾಡಿಸಿದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ತಂದೆ ಇಲ್ಲ, ತಾಯಿಗೆ ಓದು ಬಾರದು. ಕಾಗದಪತ್ರ ಓದಲೆಂದು ನಾನು ಜೊತೆಗೆ ಹೋದೆ.

1973ರಲ್ಲಿ ಕಿದ್ವಾಯಿ ಆಸ್ಪತ್ರೆ ಆರಂಭವಾದ ಮೇಲೆ ನಮ್ಮ ರಾಜ್ಯದ ಬಡವರಿಗೂ ಕ್ಯಾನ್ಸರ್ ಚಿಕಿತ್ಸೆ ಕೈಗೆಟುಕುವಂತಾಯಿತು. ನಾವು ಹೋದದ್ದು ಬೇರೊಂದು ದೊಡ್ಡ ಆಸ್ಪತ್ರೆಗೆ. ಅದರ ಹೆಸರು ಬೇಡ. ನನ್ನ ತಕರಾರು ಒಂದು ಕಟ್ಟಡದ ಮೇಲಲ್ಲ, ನಮ್ಮೆಲ್ಲರ ಒಂದು ಅಭ್ಯಾಸದ ಮೇಲೆ.

ವೈದ್ಯರು ಫೈಲು ನೋಡಿದರು, ನನ್ನನ್ನು ನೋಡಿದರು, ಅರ್ಧ ಇಂಗ್ಲಿಷಿನಲ್ಲಿ ಎಲ್ಲ ವಿವರಿಸಿದರು. ಕಾಯಿಲೆ ಯಾರದೋ ಅವಳು ಪಕ್ಕದ ಸ್ಟೂಲಿನ ಮೇಲೆಯೇ ಕುಳಿತಿದ್ದಳು. “ಮಗುವಿಗೆ ಏನೂ ಹೇಳಬೇಡಿ” ಅಂದರು. ಅವಳಮ್ಮನೂ ಹೊರಗೆ ಬಂದು “ಹೇಳ್ಬೇಡಿ ಟೀಚರೇ, ಎದೆ ಒಡೆದುಕೊಳ್ತದೆ” ಎಂದು ಕೈ ಮುಗಿದಳು. ನಾನು ಟೈಫಾಯ್ಡ್ ಎಂದೆ. ತರಗತಿಯಲ್ಲಿ ಸುಳ್ಳು ಹೇಳಿದ ಮಕ್ಕಳನ್ನು ನಿಲ್ಲಿಸಿ ಕೇಳುವ ನಾನೇ ಹೇಳಿದೆ.

ಆಮೇಲೆ ಬೆನ್ನುಹುರಿಯ ಬಳಿ ಕೊಡುವ ಇಂಜೆಕ್ಷನ್. “ಏನೂ ಇಲ್ಲ, ಇರುವೆ ಕಚ್ಚಿದ ಹಾಗೆ” ಎಂದು ಹೇಳುತ್ತಲೇ ನಾಲ್ವರು ಹಿಡಿದುಕೊಂಡರು. ಇನ್ನೊಂದು ದಿನ ಆರೇಳು ಮಂದಿ ವೈದ್ಯ ವಿದ್ಯಾರ್ಥಿಗಳು ಮಂಚ ಸುತ್ತುವರಿದು ನಿಂತಿದ್ದಾಗ ಅವಳ ಅಂಗಿಯನ್ನು ಒಂದು ಮಾತೂ ಕೇಳದೆ ಮೇಲೆತ್ತಿದರು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದಳು. ಮೈನೆರೆದ ಮಗಳನ್ನು ಪರಗಂಡಸರ ಮುಂದೆ ಹಾಗೆ ಮಾಡಿದರೆ ನಿಮ್ಮಲ್ಲಿ ಯಾರು ಸುಮ್ಮನಿರುತ್ತೀರಿ? ಆಸ್ಪತ್ರೆಯಲ್ಲಿ ಮಾತ್ರ ನಾವೆಲ್ಲ ಸುಮ್ಮನಿರುತ್ತೇವೆ. ನಾನೂ ಸುಮ್ಮನಿದ್ದೆ. ಪಾಠ ಕಲಿಯಬೇಕಾದ ವಿದ್ಯಾರ್ಥಿಗಳು ನೋಡಲೇಬೇಕು, ಸರಿ. ಆದರೆ “ನೋಡಬಹುದೇನಮ್ಮ?” ಎಂದು ಕೇಳಿ, ಪರದೆ ಎಳೆಯುವುದನ್ನೂ ಅವರು ಅಲ್ಲಿಯೇ ಕಲಿಯಬೇಕಲ್ಲವೇ?

ಬೀರೂರಿನಲ್ಲಿ ರೈಲು ತಪ್ಪಿದ ಮರುದಿನ ಹೇಗೋ ಒಪ್ಪಿಸಿ ಕರೆದೊಯ್ದೆವು. ವಾರ್ಡಿನಲ್ಲಿ ಮಲಯಾಳ ಬೆರೆತ ಕನ್ನಡ ಆಡುವ ಒಬ್ಬ ಸಿಸ್ಟರ್ ಇದ್ದರು. ಅವರು ಹುಡುಗಿಯ ಎದುರು ಕೂತು, “ನಿನಗೆ ಏನಾಗಿದೆ ಅಂತ ನಿನಗೆ ಗೊತ್ತಾ? ನೀನೇ ಹೇಳು” ಅಂದರು.

“ಬ್ಲಡ್ ಕ್ಯಾನ್ಸರ್. ಮೊದಲನೇ ದಿನಾನೇ ಬೋರ್ಡು ಓದಿದೆ. ಇವರು ಅಳ್ತಾರೆ ಅಂತ ಸುಮ್ಮನಿದ್ದೆ” ಎಂದಳು.

ಅವಳಿಗೆ ಇಂಗ್ಲಿಷ್ ಅಕ್ಷರ ಓದಲು ಕಲಿಸಿದವಳು ನಾನೇ!

ಇದು ನಮ್ಮ ಹುಡುಗಿಯೊಬ್ಬಳ ಕಥೆಯಲ್ಲ. ಅಮೆರಿಕದ ಮೈರಾ ಬ್ಲೂಬಾಂಡ್ ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ ರಕ್ತದ ಕ್ಯಾನ್ಸರಿನ ಪುಟ್ಟ ಮಕ್ಕಳ ನಡುವೆ ಇದ್ದು, ಕಂಡದ್ದನ್ನು 1978ರಲ್ಲಿ ಪುಸ್ತಕ ಮಾಡಿದರು. ಯಾರೂ ಹೇಳದಿದ್ದರೂ ಆ ಮಕ್ಕಳಿಗೆ ಎಲ್ಲ ಗೊತ್ತಿತ್ತು. ದೊಡ್ಡವರಿಗೆ ಕಷ್ಟವಾಗದಿರಲೆಂದು ಗೊತ್ತಿಲ್ಲದವರಂತೆ ಇರುತ್ತಿದ್ದರು. ಅಂದರೆ ನಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದು ತಿಳಿದಿರುವಾಗ, ಅವರೇ ನಮ್ಮನ್ನು ಕಾಪಾಡುತ್ತಿರುತ್ತಾರೆ. ಆ ಹೊರೆಯನ್ನೂ ರೋಗದ ಜೊತೆಗೆ ಅವರ ತಲೆಗೆ ಕಟ್ಟುವುದು ಯಾವ ಪ್ರೀತಿ?

ಸಿಸ್ಟರ್ ಅಂದರು: “ಸೂಜಿ ನೋಯುತ್ತೆ. ಬೆನ್ನು ಬಾಗಿಸಿ ಅಲ್ಲಾಡದೆ ಇದ್ರೆ ಬೇಗ ಮುಗಿಯುತ್ತೆ. ಕೂದಲು ಉದುರುತ್ತೆ, ಮತ್ತೆ ಬರುತ್ತೆ. ಮೊದಲ ತಿಂಗಳುಗಳು ಕಷ್ಟ. ಆಮೇಲೆ ಮನೆಯಲ್ಲೇ ಮಾತ್ರೆ, ನಡುನಡುವೆ ಇಲ್ಲಿಗೆ ಬರಬೇಕು. ಒಟ್ಟು ಎರಡೂವರೆ ವರ್ಷ.” ಹುಡುಗಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮನೆಗಳನ್ನು ಗೆರೆ ಎಳೆದುಕೊಂಡು, ಮುಗಿದ ದಿನಗಳಿಗೆ ಅಡ್ಡಗೆರೆ ಹಾಕತೊಡಗಿದಳು. ಆಮೇಲೆ ಒಂದು ತಾರೀಖೂ ತಪ್ಪಲಿಲ್ಲ. ಅವಳನ್ನು ಉಳಿಸಿದ್ದು ಔಷಧಿ, ನಿಜ. ಆದರೆ ಆ ಔಷಧಿಯ ಬಳಿಗೆ ಎರಡೂವರೆ ವರ್ಷ ಅವಳನ್ನು ನಡೆಸಿದ್ದು ನಂಬಿಕೆ.

ಇದು ಬರೀ ಮನಸ್ಸು ಮೃದು ಮಾಡುವ ಮಾತಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇಕಡ 80ಕ್ಕಿಂತ ಹೆಚ್ಚು ಮಂದಿ ಗುಣವಾಗುತ್ತಾರೆ. ಅನೇಕ ಬಡ, ಮಧ್ಯಮ ದೇಶಗಳಲ್ಲಿ 30 ಕೂಡ ದಾಟುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರಣಗಳಲ್ಲಿ ಒಂದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು. ಬಡತನ, ದೂರ ಇವೆಲ್ಲ ಅದಕ್ಕೆ ಕಾರಣ ಹೌದು. ಬೀರೂರಿನ ಬೆಂಚಿನ ಮೇಲೆ ನಾನು ಕಂಡದ್ದೂ ಒಂದು ಕಾರಣವೇ.

ವೈದ್ಯರಿಗೆ ಸಮಯವಿಲ್ಲ, ಹೊರಗೆ ನೂರು ಜನ ಕಾಯುತ್ತಿರುತ್ತಾರೆ ಎನ್ನುವಿರಿ. ಅದು ಸುಳ್ಳಲ್ಲ. ಆದರೆ ಸಿಸ್ಟರ್ ಮಾತಾಡಿದ್ದು ಹತ್ತು ನಿಮಿಷ. ಸುಳ್ಳು ಹೇಳಿ, ಅಳಿಸಿ, ನಾಲ್ವರು ಹಿಡಿದುಕೊಂಡು ಸೂಜಿ ಚುಚ್ಚಿದ ದಿನ ಅರ್ಧ ಗಂಟೆ ಹಿಡಿದಿತ್ತು. ಎಳೆ ಮಗುವಿಗೆ ಇಷ್ಟೆಲ್ಲ ಹೇಳಲಾದೀತೇ ಎಂದೂ ಕೇಳುವಿರಿ. ಸತ್ಯ ಹೇಳುವುದೆಂದರೆ ಸಾವುಬದುಕಿನ ಲೆಕ್ಕವನ್ನೆಲ್ಲ ಮಗುವಿನ ಮುಂದೆ ಸುರಿಯುವುದಲ್ಲ. ಐದು ವರ್ಷದವನಿಗೆ “ಈಗ ಸೂಜಿ, ನೋಯುತ್ತೆ, ಅಮ್ಮ ಪಕ್ಕದಲ್ಲೇ ಇರ್ತಾಳೆ” ಎಂಬಷ್ಟು ಸಾಕು. ಹದಿಮೂರರವಳಿಗೆ ಕಾಯಿಲೆಯ ಹೆಸರೂ ಬೇಕು. ಎಷ್ಟು ಬೇಕೆಂದು ಅವರನ್ನೇ ಕೇಳಿದರೆ ಹೇಳುತ್ತಾರೆ.

ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಅವರ ಮಾತು ಕೇಳಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿ ಹೇಳುತ್ತದೆ. 1992ರಲ್ಲಿ ನಮ್ಮ ದೇಶವೂ ಅದನ್ನು ಒಪ್ಪಿದೆ. ಆದರೆ ಈ ಕೆಲಸಕ್ಕೆ ಒಡಂಬಡಿಕೆಯೇ ಏಕೆ ಬೇಕು? ಫೈಲಿನ ನಂಬರಿನಿಂದಲ್ಲ, ಹೆಸರಿನಿಂದ ಕರೆಯಿರಿ. ಮುಟ್ಟುವ ಮೊದಲು ಏನು ಮಾಡುತ್ತೀರೆಂದು ಹೇಳಿ. ಪ್ರಶ್ನೆ ಕೇಳಿದರೆ ಕೇಳಿದವರಿಗೇ ಉತ್ತರಿಸಿ. ತಾಯಂದಿರೇ, ನೀವೂ ವೈದ್ಯರ ಕಿವಿಯಲ್ಲಿ “ಅವಳಿಗೆ ಹೇಳಬೇಡಿ” ಎನ್ನುವುದನ್ನು ಬಿಡಿ. ಆ ಬಾಗಿಲನ್ನು ಅರ್ಧ ಮುಚ್ಚಿದವರು ನಾವೇ.

ನಮ್ಮ ಹುಡುಗಿ ಈಗ ಕಡೂರಿನ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾಳೆ. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತಾಳೆ. ಕಳೆದ ಸಲ, ಮುಂದೆ ತನಗೆ ಮಕ್ಕಳಾಗಲು ತೊಂದರೆಯಿದೆಯೇ ಎಂದು ಕೇಳಿದಳಂತೆ. ಹೊಸದಾಗಿ ಬಂದ ವೈದ್ಯರು ಅವಳಮ್ಮನ ಕಡೆ ತಿರುಗಿ ಉತ್ತರ ಹೇಳತೊಡಗಿದರಂತೆ.

“ನೀನೇನು ಮಾಡಿದೆ?” ಎಂದೆ.

“ಕೇಳಿದ್ದು ನಾನು ಸಾರ್ ಅಂದೆ ಟೀಚರ್. ಕುರ್ಚಿ ತಿರುಗಿಸಿಕೊಂಡು ಮೊದಲಿಂದ ಹೇಳಿದ್ರು.”