ಸೀಟಿ ಊದಿದವರ ಲೆಕ್ಕ ಯಾವ ಖಾತೆಯಲ್ಲಿದೆ?

ಸಂಜೆ ಐದೂವರೆ ಹೊತ್ತಿಗೆ ಹೊಸಪೇಟೆಯಿಂದ ಕಂಪ್ಲಿ ಕಡೆಗೋ ಸಂಡೂರು ಕಡೆಗೋ ಹೊರಟ ಬಸ್ಸಿನ ಕಿಟಕಿ ಪಕ್ಕ ಕೂತವರಿಗೆ ಒಂದು ನೋಟ ಎಲ್ಲಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಎರಡು ಕಂಬ, ನಡುವೆ ಜೋತುಬಿದ್ದ ನೆಟ್ಟು, ಬರಿಗಾಲಲ್ಲಿ ಎಗರುವ ಹುಡುಗರು. ಜಾತ್ರೆ, ಜಯಂತಿ ಬಂತೆಂದರೆ ಅದೇ ಬಯಲಿಗೆ ದೊಡ್ಡ ಲೈಟು ಬಿಗಿದು ‘ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ’! ಪ್ರಥಮ ಬಹುಮಾನದ ದಾನಿಯ ಫೋಟೋ ಫ್ಲೆಕ್ಸಿನಲ್ಲಿ ಆಳೆತ್ತರ. ಕಪ್ಪು ಕೊಟ್ಟವರ ಹೆಸರಿರುತ್ತದೆ, ಶಾಮಿಯಾನ ಕೊಟ್ಟವರ ಹೆಸರೂ ಇರುತ್ತದೆ. ಆ ಹುಡುಗರಿಗೆ ಬಾಲು ಎತ್ತುವುದನ್ನು ಕಲಿಸಿದವರ ಹೆಸರು ಮಾತ್ರ ಹುಡುಕಿದರೂ ಸಿಗುವುದಿಲ್ಲ.

ಇದು ಈ ನೆಲದ ಹಳೇ ಚಾಳಿ ಅಂತ ಕಾಣುತ್ತದೆ. 1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪೇಸ್, ಕೃಷ್ಣದೇವರಾಯ ದಿನಾ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದನೆಂದು ಬರೆದಿಟ್ಟಿದ್ದಾನೆ. ರಾಯನ ಹೆಸರು ಐನೂರು ವರ್ಷದಿಂದ ನಿಂತಿದೆ. ಅವನ ಬೆವರಿಳಿಸಿದ ಜಟ್ಟಿಯ ಹೆಸರನ್ನು ಪೇಸ್ ಬರೆಯಲಿಲ್ಲ.

ಇರಲಿ. ಎಲ್ಲ ಕಡೆಯೂ ಹೀಗೇನಾ? ಅಲ್ಲ. ಒಬ್ಬ ಕಾಲೇಜು ವಾಲಿಬಾಲ್ ಕೋಚ್‌ನ ಲೆಕ್ಕವನ್ನು ಕಿರಾಣಿ ಅಂಗಡಿಯ ಖಾತೆಪುಸ್ತಕದಂತೆ ಪೈಸಾ ಬಿಡದೆ ಬರೆದಿಟ್ಟ ಊರೊಂದಿದೆ. ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ (ಜನ ಯುಸಿಎಲ್‌ಎ ಅನ್ನುತ್ತಾರೆ) ಆಲ್ ಸ್ಕೇಟ್ಸ್ ಎಂಬ ಮನುಷ್ಯ 1963ರಲ್ಲಿ ಹುಡುಗರ ವಾಲಿಬಾಲ್ ತಂಡದ ಸೀಟಿ ಹಿಡಿದರು. ಅದನ್ನು ಕೆಳಗಿಟ್ಟದ್ದು 2012ರಲ್ಲಿ. ಗೆದ್ದ ಪಂದ್ಯ 1239. ರಾಷ್ಟ್ರಮಟ್ಟದ ಕಾಲೇಜು ಪ್ರಶಸ್ತಿ 19. ಸೋತ ಪಂದ್ಯ 290. ಸೋಲನ್ನೂ ಬರೆದಿಟ್ಟಿದ್ದಾರೆ ನೋಡಿ! ಜಮಾ ಒಂದೇ ಬರೆದು ಖರ್ಚು ಬರೆಯದ ಪುಸ್ತಕವನ್ನು ಯಾವ ವ್ಯಾಪಾರಸ್ಥ ನಂಬುತ್ತಾನೆ?

‘ಅಮೆರಿಕದವರಿಗೇನ್ರೀ, ದುಡ್ಡು ಐತಿ, ಮಾಡ್ತಾರ’ ಎಂದು ಚಾದಂಗಡಿಯ ಬೆಂಚಿನಿಂದ ಮಾತು ಬರುವುದು ಸಹಜ. ಆದರೆ ದುಡ್ಡಿನ ಕಥೆ ಹಾಗಿಲ್ಲ. ಈ ಸ್ಕೇಟ್ಸ್ ಹೊಟ್ಟೆಪಾಡಿಗೆ ಬೆವರ್ಲಿ ಹಿಲ್ಸ್‌ನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಆಟ ಕಲಿಸಿದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಡ್ರಿಲ್ ಮಾಸ್ತರು! ಹಗಲು ಶಾಲೆ, ಆಮೇಲೆ ಕಾಲೇಜಿನ ಕೋರ್ಟು. ಅವರು ಶುರುಮಾಡಿದಾಗ ಅಲ್ಲಿನ ಕಾಲೇಜು ಕ್ರೀಡಾ ಮಂಡಳಿ ವಾಲಿಬಾಲಿಗೆ ರಾಷ್ಟ್ರೀಯ ಪಂದ್ಯಾವಳಿಯನ್ನೇ ನಡೆಸುತ್ತಿರಲಿಲ್ಲ. ಅದು ಶುರುವಾದದ್ದು 1970ರಲ್ಲಿ. ಮೊದಲ ವರ್ಷವೇ ಗೆದ್ದವರು ಯಾರು ಅಂತೀರಿ? ಇದೇ ಮಾಸ್ತರರ ಹುಡುಗರು. ಫುಟ್‌ಬಾಲ್, ಬಾಸ್ಕೆಟ್‌ಬಾಲಿಗೆ ಹುಚ್ಚೆದ್ದ ಆ ದೇಶದಲ್ಲಿ ಹುಡುಗರ ವಾಲಿಬಾಲು ಎಂದೂ ದುಡ್ಡು ಸುರಿಯುವ ಆಟವಾಗಿರಲಿಲ್ಲ.

ಹಾಗಾದರೆ ಅವರಲ್ಲಿದ್ದದ್ದೇನು? ಒಬ್ಬನೇ ಮನುಷ್ಯ ಒಂದೇ ಕೋರ್ಟಿನ ಪಕ್ಕ ಬಹಳ ದಿನ ನಿಂತಿದ್ದ. ನಿಲ್ಲಲು ಬಿಟ್ಟಿದ್ದರು. ಅಷ್ಟೇ.

ವಾಲಿಬಾಲಿಗೆ ಇದು ಯಾಕೆ ಬೇಕು ಎಂಬುದು ಆಡಿದವರಿಗೆ ಗೊತ್ತು. ಕ್ರಿಕೆಟ್ಟಿನಲ್ಲಿ ಒಬ್ಬನೇ ಹೊಡೆದು ಗೆಲ್ಲಿಸಿಯಾನು. ಇಲ್ಲಿ ಬಾಲನ್ನು ಹಿಡಿದು ನಿಲ್ಲುವಂತಿಲ್ಲ, ಒಬ್ಬನೇ ಎರಡು ಸಲ ಸಾಲಾಗಿ ಮುಟ್ಟುವಂತಿಲ್ಲ, ಮೂರೇ ಮುಟ್ಟಿಗೆ ಆಚೆ ದಾಟಿಸಬೇಕು. ಸ್ಮ್ಯಾಷ್ ಹೊಡೆಯುವವನಿಗೆ ಚಪ್ಪಾಳೆ ಬೀಳುತ್ತದೆ, ಆದರೆ ಆಟ ನಿಂತಿರುವುದು ಲಿಫ್ಟರ್ ಮೇಲೆ. ಲಿಫ್ಟರ್ ಒಂದು ಸೀಜನ್ನಿಗೆ ತಯಾರಾಗುವವನಲ್ಲ. ಯಾವ ಹುಡುಗನಿಗೆ ಎಷ್ಟು ಎತ್ತರ ಎತ್ತಬೇಕು, ಯಾರು ಅವಸರಗೇಡಿ, ಯಾರು ಸೋಲುವಾಗ ಕೈಬಿಡುತ್ತಾನೆ, ಇದೆಲ್ಲ ಅವನ ಬೆರಳಿಗೆ ಇಳಿಯಲು ವರ್ಷಗಳು ಬೇಕು. ಹುಡುಗರೋ ಮೂರು ವರ್ಷಕ್ಕೆ ಡಿಗ್ರಿ ಮುಗಿಸಿ ಹೊರಡುವವರು. ಉಳಿಯುವವರು ಕೋಚ್ ಒಬ್ಬರೇ. ಹೋದ ಹುಡುಗನಿಂದ ಕಲಿತದ್ದನ್ನು ಬಂದ ಹುಡುಗನಿಗೆ ದಾಟಿಸುವ ಮೂರನೇ ಕೈ ಅವರು. ಆ ಕೈಯೇ ವರ್ಷ ವರ್ಷ ಬದಲಾದರೆ?

ಆಟ ಕೂಡ ಒಂದೇ ಥರ ಉಳಿಯಲಿಲ್ಲ. ಪೇಟೆಯ ಹಿರಿಯರಿಗೆ ನೆನಪಿದೆ, ಮೊದಲು ಸರ್ವಿಸ್ ನಮ್ಮದಿದ್ದರೆ ಮಾತ್ರ ಪಾಯಿಂಟು, 15ಕ್ಕೆ ಗೇಮು. 1999ರಿಂದ ಯಾರ ಸರ್ವಿಸ್ ಆದರೂ ಪಾಯಿಂಟು, 25ಕ್ಕೆ ಸೆಟ್ಟು. ಅದಕ್ಕೆ ಒಂದು ವರ್ಷ ಮೊದಲು ಬೇರೆ ಬಣ್ಣದ ಜೆರ್ಸಿ ತೊಟ್ಟ ಲಿಬೆರೊ ಬಂದ. ಹಿಂದಿನ ಸಾಲಿನ ಕುಳ್ಳ ಹುಡುಗನಿಗೂ ಒಂದು ಬೆಲೆ ಬಂತು. ಸ್ಕೇಟ್ಸ್ ಈ ಎರಡೂ ಕಾಲಗಳಲ್ಲಿ ಗೆದ್ದರು. ಇಲ್ಲಿನ ಹಳ್ಳಿ ಪಂದ್ಯಗಳಲ್ಲಿ ಈಗಲೂ ರೂಲ್ಸಿನ ಮೇಲೇ ಜಗಳ ಹತ್ತುತ್ತದೆ. ಹೇಳಿಕೊಡುವವರು ಬೇಕಲ್ಲ!

ಅವರ ಸೋಲಿನ ಕಾಲದ ಮಾತು ಇನ್ನೂ ಮುಖ್ಯ. 2000ದಲ್ಲಿ ಗೆದ್ದ ಮೇಲೆ ಐದು ವರ್ಷ ಪ್ರಶಸ್ತಿ ಇಲ್ಲ. ಆರನೇ ವರ್ಷ, 2006ರಲ್ಲಿ, ಒಂದು ಹಂತಕ್ಕೆ 12 ಗೆಲುವು 12 ಸೋಲು. ನಮ್ಮಲ್ಲಾಗಿದ್ದರೆ ಆಡಳಿತ ಮಂಡಳಿಯ ಮೀಟಿಂಗು ಕರೆದು ಚಾ ಬಿಸ್ಕತ್ತಿನ ನಡುವೆ ‘ಸಾರ್, ನಿಮಗೂ ವಯಸ್ಸಾಯ್ತು’ ಅನ್ನುತ್ತಿದ್ದರು. ಅಲ್ಲಿ ಬಿಟ್ಟುಬಿಟ್ಟರು. ತಂಡ ಆಮೇಲೆ ಸಾಲಾಗಿ 14 ಪಂದ್ಯ ಗೆದ್ದು ಪ್ರಶಸ್ತಿ ತಂತು. ಅದೇ 19ನೆಯದು, ಅದೇ ಕೊನೆಯದು. ಮುಂದಿನ ಆರು ವರ್ಷ ಒಂದೂ ಬರಲಿಲ್ಲ. ಆಗಲೂ ಸೀಟಿ ಕಿತ್ತುಕೊಳ್ಳಲಿಲ್ಲ.

ಅವರ ಕೈಕೆಳಗೆ ಆಡಿದ ಕಾರ್ಚ್ ಕಿರಾಲಿ 1984 ಮತ್ತು 1988ರ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದು, 1996ರಲ್ಲಿ ಮರಳಿನ ಮೇಲಿನ ವಾಲಿಬಾಲಿನಲ್ಲೂ ಚಿನ್ನ ಗೆದ್ದು, ಕೊನೆಗೆ ತಾನೇ ಕೋಚ್ ಆಗಿ 2021ರಲ್ಲಿ ಟೋಕಿಯೋದಲ್ಲಿ ಅಮೆರಿಕದ ಹೆಣ್ಣುಮಕ್ಕಳಿಗೆ ಚಿನ್ನ ಗೆಲ್ಲಿಸಿದರು. ಒಬ್ಬ ಡ್ರಿಲ್ ಮಾಸ್ತರರ ಬಡ್ಡಿ ಎಷ್ಟು ದೂರ ಹೋಯಿತು ನೋಡಿ.

ಇನ್ನು ನಮ್ಮ ಕಡೆಗೆ ಬನ್ನಿ. ಈ ಸೀಮೆಗೆ ಆಟದ ಮಾಸ್ತರಿಕೆ ಹೊಸದೇನಲ್ಲ. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್‌ವರೆಗೆ ಮದ್ರಾಸಿಗೆ ಸೇರಿತ್ತು. 1920ರಲ್ಲಿ ಹ್ಯಾರಿ ಬಕ್ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದದ್ದು ಅದೇ ಮದ್ರಾಸಿನಲ್ಲಿ. 1895ರಲ್ಲಿ ವಾಲಿಬಾಲನ್ನು ಹುಟ್ಟಿಸಿದ ವಿಲಿಯಂ ಮಾರ್ಗನ್ ಕೂಡ ವೈಎಂಸಿಎಯ ಆಟದ ಮೇಷ್ಟ್ರೇ. ಅಂದರೆ ಆಟವೂ ಮಾಸ್ತರೂ ಒಂದೇ ಮನೆಯವರು.

ಈಗಿನ ಸ್ಥಿತಿ? ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರ ಹುದ್ದೆ ಇದೆ. ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಇದೆ, ಕಾಗದದ ಮೇಲಾದರೂ. ನಡುವಿನ ಪಿಯುಸಿಗೆ ಬನ್ನಿ. ಹುಡುಗ ಉದ್ದ ಆಗುವುದು, ಭುಜ ಅಗಲ ಆಗುವುದು ಆ ಎರಡು ವರ್ಷದಲ್ಲಿ. ಬಹುತೇಕ ಸರಕಾರಿ ಪಿಯು ಕಾಲೇಜುಗಳಲ್ಲಿ ಆಗಲೇ ಆಟಕ್ಕೆ ಯಜಮಾನರಿಲ್ಲ. ಇತಿಹಾಸದವರೋ ಕನ್ನಡದವರೋ ಪಾಪ, ಅವರ ಕೊರಳಿಗೆ ಸೀಟಿ ಕಟ್ಟುತ್ತಾರೆ. ತಾಲ್ಲೂಕು ಪಂದ್ಯದ ಹಿಂದಿನ ದಿನ ಹನ್ನೆರಡು ಹೆಸರು ಬರೆದು ಕಳಿಸಿದರೆ ಕೆಲಸ ಮುಗಿಯಿತು! ಡಿಗ್ರಿಗೆ ಬರುವ ಹೊತ್ತಿಗೆ ಹುಡುಗ ಆಟ ಬಿಟ್ಟಿರುತ್ತಾನೆ, ಇಲ್ಲವೇ ಓದನ್ನೇ ಬಿಟ್ಟಿರುತ್ತಾನೆ. ಆಟಕ್ಕಾಗಿಯಾದರೂ ಕಾಲೇಜಿಗೆ ಬರುತ್ತಿದ್ದ ಎಷ್ಟು ಹುಡುಗರು ಈಗ ಅದಿರು ಲಾರಿಯಲ್ಲಿ ಕ್ಲೀನರ್ ಆಗಿದ್ದಾರೋ, ಕಂಪ್ಲಿ ಗದ್ದೆಯಲ್ಲಿ ಕೂಲಿಗೆ ನಿಂತಿದ್ದಾರೋ, ಅದನ್ನು ಎಣಿಸುವ ಇಲಾಖೆಯೇ ಇಲ್ಲ.

ಇಷ್ಟಾದರೂ ಒಂದೇ ಕಾಲೇಜಿನಲ್ಲಿ ಇಪ್ಪತ್ತೈದು ಮೂವತ್ತು ವರ್ಷ ನಿಂತು ಹುಡುಗರನ್ನು ವಿಶ್ವವಿದ್ಯಾಲಯದ ತಂಡಕ್ಕೆ ಕಳಿಸಿದ ದೈಹಿಕ ನಿರ್ದೇಶಕರು ರಾಜ್ಯದ ಎಷ್ಟೋ ಊರುಗಳಲ್ಲಿ ಇದ್ದರು, ಕೆಲವರು ಇನ್ನೂ ಇದ್ದಾರೆ. ಇಂಥವರ ಲೆಕ್ಕ ತೆಗೆಯುವುದು ಈ ಭಾಗದಲ್ಲಂತೂ ಹರಸಾಹಸ. ಇಲ್ಲಿನ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 1980ರಿಂದ ಗುಲ್ಬರ್ಗಕ್ಕೆ, 2010ರಿಂದ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ. ಒಬ್ಬರ ಸೇವೆಯ ಲೆಕ್ಕಕ್ಕೆ ಮೂರು ಊರಿನ ಬಾಗಿಲು ತಟ್ಟಬೇಕು. ಸಾಲದ್ದಕ್ಕೆ 2021ರಲ್ಲಿ ಜಿಲ್ಲೆಯೂ ಒಡೆಯಿತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ. ನಿನ್ನೆ ಒಂದೇ ಜಿಲ್ಲಾ ತಂಡಕ್ಕೆ ಆಡಿದ ಹುಡುಗರು ಇವತ್ತು ನೆಟ್ಟಿನ ಆಚೆ ಈಚೆ.

ದೊಡ್ಡ ಮನ್ನಣೆ ಇಲ್ಲವೆಂದಲ್ಲ. ಕೋಚ್‌ಗಳಿಗೆಂದೇ 1985ರಿಂದ ದ್ರೋಣಾಚಾರ್ಯ ಪ್ರಶಸ್ತಿ ಇದೆ. ವಾಲಿಬಾಲಿಗೆ ರಮಣರಾವ್, ಶ್ಯಾಮಸುಂದರ ರಾವ್, ಶ್ರೀಧರನ್ ಅವರಿಗೆ ಬಂದಿದೆ. ಆದರೆ ಅದು ದೇಶದ ತಂಡ ಕಟ್ಟಿದವರಿಗೆ. ದೇಶದ ತಂಡಕ್ಕೆ ಹುಡುಗ ಎಲ್ಲಿಂದ ಬರಬೇಕು? 2025ರಲ್ಲಿ ಬೆಂಗಳೂರು ಟಾರ್ಪಿಡೋಸ್ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದಾಗ ಎಲ್ಲರೂ ಕುಣಿದರು, ಸಂತೋಷ. ಆ ತಂಡದ ಕೋಚ್ ಡೇವಿಡ್ ಲೀ, 2008ರ ಒಲಿಂಪಿಕ್ ಚಿನ್ನದ ಅಮೆರಿಕದವರು. ತಪ್ಪಲ್ಲ. ಆದರೆ ನೆಟ್ಟಿನ ಈಚೆ ಕಡೆಯ ಮಾಸ್ತರಿಗೆ ಸಂಬಳವೇ ಇಲ್ಲದಿರುವಾಗ ಆಚೆಯಿಂದ ಎಷ್ಟು ದಿನ ತರಿಸುವುದು?

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಂಪನಿಯವರು 2018ರಲ್ಲಿ ದೊಡ್ಡ ಕ್ರೀಡಾಸಂಸ್ಥೆ ಕಟ್ಟಿದ್ದಾರೆ. ನೀರಜ್ ಚೋಪ್ರಾ ಕೂಡ ಅಲ್ಲಿ ತಯಾರಿ ನಡೆಸಿದವರು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು ಎಂದು ಒಲಿಂಪಿಕ್ ಪದಕದ ಲೆಕ್ಕಾಚಾರದ ಮೇಲೆ ಶುರುವಾದ ಜಾಗ ಅದು. ಅದರ ಸುತ್ತಲ ಹಳ್ಳಿಯ ಹುಡುಗರು ದುಡ್ಡಿಲ್ಲದೆ ಆಡಬಲ್ಲ ಆಟ ವಾಲಿಬಾಲು, ಅದು ಆ ಪಟ್ಟಿಯಲ್ಲಿ ಬರಲಿಲ್ಲ. ಖಾಸಗಿಯವರು ಅವರ ದುಡ್ಡು, ಅವರ ಇಷ್ಟ. ಆದರೆ ಗಣಿಯ ಹಣ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಬರುತ್ತದಲ್ಲ, ಶಿಕ್ಷಣ ಅದರ ಆದ್ಯತೆಯ ಬಾಬ್ತು. ಕಾಂಪೌಂಡು, ಕೊಠಡಿ ಕಟ್ಟುವ ಉತ್ಸಾಹದಲ್ಲಿ ನಾಲ್ಕು ಕಾಲೇಜಿಗೆ ನಾಲ್ಕು ಮಾಸ್ತರರ ಸಂಬಳ ಹೊರಡುವುದಿಲ್ಲವೇ? ಗೋಡೆ ಬಾಲು ಎತ್ತುವುದನ್ನು ಕಲಿಸುವುದಿಲ್ಲ ಸ್ವಾಮಿ.

ಬಸ್ಸಿನ ಮಾತೂ ಬಂತು. ಸಂಡೂರಾಗಲಿ ಕಂಪ್ಲಿಯಾಗಲಿ ಹೊಸಪೇಟೆಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಕಾಲೇಜು ಬಿಟ್ಟ ಮೇಲೆ ಪ್ರಾಕ್ಟೀಸು, ಪ್ರಾಕ್ಟೀಸು ಮುಗಿಯುವ ಹೊತ್ತಿಗೆ ಒಳಹಳ್ಳಿಯ ಬಸ್ಸು ಹೋಗಿರುತ್ತದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ಒಳ್ಳೆಯದೇ. ಆದರೆ ಏಳು ಗಂಟೆಗೆ ಬಸ್ಸೇ ಇಲ್ಲದಿದ್ದರೆ ಫ್ರೀ ಟಿಕೆಟ್ ಇಟ್ಟುಕೊಂಡು ಆಕೆ ಏನು ಮಾಡಬೇಕು? ಮನೆಯವರು ಒಂದು ವಾರ ನೋಡುತ್ತಾರೆ, ಎರಡನೇ ವಾರ ಆಟ ಬಿಡಿಸುತ್ತಾರೆ. ಹಳೇ ಕಾಲದ ಕೋಚ್‌ಗಳಿಗೆ ಯಾವ ಹುಡುಗಿಗೆ ಯಾವ ಬಸ್ಸು ಎಂಬುದು ಬಾಯಿಪಾಠ ಇರುತ್ತಿತ್ತು. ಕಂಡಕ್ಟರಿಗೆ ಹೇಳಿ ಎರಡು ನಿಮಿಷ ನಿಲ್ಲಿಸುವವರೂ ಅವರೇ. ವರ್ಷಕ್ಕೊಂದು ಆರ್ಡರಿನ ಮೇಲೆ ಬಂದುಹೋಗುವ ಅತಿಥಿ ಉಪನ್ಯಾಸಕರಿಗೆ ಕಂಡಕ್ಟರ ಗುರುತಾಗುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ.

ಅಡ್ಮಿಷನ್ನಿನ ದಿನ ಫೀಜಿನ ಜೊತೆಗೇ ಕ್ರೀಡಾ ಶುಲ್ಕವನ್ನೂ ಕಟ್ಟಿಸಿಕೊಳ್ಳುವ ಕಾಲೇಜುಗಳಿವೆ. ಮಕ್ಕಳನ್ನು ಸೇರಿಸಲು ಹೋದ ವ್ಯಾಪಾರಸ್ಥರು, ನೌಕರರು ಕೌಂಟರಿನಲ್ಲೇ ಎರಡು ಪ್ರಶ್ನೆ ಕೇಳಲಿ. ಈ ಶುಲ್ಕಕ್ಕೆ ಆಟ ಕಲಿಸುವವರು ಯಾರು, ಮುಂದಿನ ವರ್ಷವೂ ಅವರೇ ಇರುತ್ತಾರಾ? ಇವರಿಗಿಂತ ಮೊದಲು ಇದೇ ಕೋರ್ಟಿನಲ್ಲಿ ಕಲಿಸಿ ನಿವೃತ್ತರಾದವರ ಹೆಸರು, ಅವರ ಗೆಲುವು, ಸೋಲು ಬರೆದ ರಿಜಿಸ್ಟರು ಯಾವ ಬೀರುವಿನಲ್ಲಿದೆ, ಸ್ವಲ್ಪ ತೋರಿಸಿ ಎಂದೂ ಕೇಳಲಿ. ರಸೀದಿ ಹರಿದುಕೊಡುವ ಗುಮಾಸ್ತರು ಪ್ರಿನ್ಸಿಪಾಲರ ಕೋಣೆ ತೋರಿಸಿದರೆ ಅಲ್ಲಿಗೂ ಹೋಗಿ ಕೇಳಲಿ.