ಹೊಲದಡಿಯ ಕೊಳವೆ, ಹೊಳೆಯ ಲೆಕ್ಕ

ಅಮೆರಿಕದ ಅಯೋವಾ ರಾಜ್ಯದ ಸಮತಟ್ಟು ನೆಲದಲ್ಲಿ ಮಳೆ ನಿಂತು ದಿನಗಳು ಕಳೆದರೂ ಹಳ್ಳಗಳ ಹರಿವು ಬೇಗ ಇಳಿಯುವುದಿಲ್ಲ. ಸುತ್ತ ಬೆಟ್ಟವಿಲ್ಲ, ಕಾಡಿಲ್ಲ. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ. ನೀರು ಬರುವುದು ಹೊಲದಡಿಯಿಂದ. ಮೂರು ನಾಲ್ಕು ಅಡಿ ಆಳದಲ್ಲಿ ಸಾಲಾಗಿ ಹೂತ ತೂತುಕೊಳವೆಗಳು ಬೇರಿಗೆ ಹೆಚ್ಚಾದ ನೀರನ್ನು ಬಸಿದು ತಂದು ಹಳ್ಳಕ್ಕೆ ಸುರಿಯುತ್ತವೆ.

ಆ ದೇಶದಲ್ಲಿ ಇದನ್ನು ಶುರುಮಾಡಿದವನೆಂದು ಹೆಸರಾದವನು ಜಾನ್ ಜಾನ್‌ಸ್ಟನ್, ಸ್ಕಾಟ್ಲೆಂಡಿನಿಂದ ಬಂದ ರೈತ. 1838ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಊರಿನ ಬಳಿ ಸುಟ್ಟ ಮಣ್ಣಿನ ಕೊಳವೆ ಹೂತಾಗ ನೆರೆಹೊರೆಯವರು ನಕ್ಕರಂತೆ. ಗೋಧಿ ಇಳುವರಿ ನೋಡಿದ ಮೇಲೆ ನಗು ನಿಂತಿತು. 2017ರ ಕೃಷಿ ಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಸುಮಾರು ಐದೂವರೆ ಕೋಟಿ ಎಕರೆ ಹೊಲದಡಿ ಕೊಳವೆ ಹರಡಿತ್ತು. ಮಣ್ಣಿನದಕ್ಕೆ ಬದಲು ಈಗ ಪ್ಲಾಸ್ಟಿಕ್ಕಿನದು, ಅಷ್ಟೇ.

ಹೊಲದ ನೀರು ಹೀಗೆ ಹಳ್ಳಕ್ಕೆ ಇಳಿಯುವುದಾದರೆ ನೆರೆಗೆ ಈ ಕೊಳವೆಯೇ ಕಾರಣವೇ? ಈ ಜಗಳ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಷ್ಟು ಹಳೆಯದು. ಹೌದೆನ್ನುವವರು, ಅಲ್ಲವೆನ್ನುವವರು, ಇಬ್ಬರ ಮಾತೂ ಅರ್ಧ ಸರಿ. ಜಿಗುಟು ಮಣ್ಣು ಮೊದಲೇ ನೀರು ಕುಡಿದು ಕೂತಿದ್ದರೆ ಹೊಸ ಮಳೆಗೆ ಜಾಗವಿರುವುದಿಲ್ಲ, ಬಿದ್ದದ್ದೆಲ್ಲ ಮೇಲ್ಮೈಯಲ್ಲೇ ಓಡುತ್ತದೆ. ಅಂಥ ಕಡೆ ಕೊಳವೆಗಳು ಎರಡು ಮಳೆಗಳ ನಡುವೆ ಮಣ್ಣನ್ನು ಖಾಲಿಮಾಡುವುದರಿಂದ ನೆರೆಯ ತುದಿ ತಗ್ಗುತ್ತದೆ. ನೀರು ಸಲೀಸಾಗಿ ಇಂಗುವ ಸಡಿಲ ಮಣ್ಣಿನಲ್ಲಿ ಇದು ತಿರುವುಮುರುವು: ನಿಧಾನವಾಗಿ ಜಿನುಗಬೇಕಾದ ನೀರಿಗೆ ಕೊಳವೆ ಹೆದ್ದಾರಿಯಾಗಿ, ತುದಿ ಏರುತ್ತದೆ. ಬ್ರಿಟನ್ನಿನ ಜಲವಿಜ್ಞಾನಿ ಮಾರ್ಕ್ ರಾಬಿನ್ಸನ್ 1990ರ ವರದಿಯಲ್ಲಿ ಇದನ್ನೇ ತೋರಿಸಿದರು. ಮಣ್ಣು ಯಾವುದೆಂದು ಕೇಳದೆ ಕೊಟ್ಟ ಉತ್ತರವನ್ನು ನಾನಂತೂ ನಂಬುವುದಿಲ್ಲ.

ಒಟ್ಟು ಹರಿವಿನ ಮಾತು ಬೇರೆ. ಹಿಂದೆ ಬಯಲಿನ ಸಣ್ಣ ಸಣ್ಣ ಗುಂಡಿಗಳಲ್ಲಿ ನಿಂತು ಬಿಸಿಲಿಗೆ ಆವಿಯಾಗುತ್ತಿದ್ದ ನೀರು ಈಗ ಹೊಳೆ ಸೇರುತ್ತಿದೆ. ಮಿನ್ನೆಸೋಟ ರಾಜ್ಯದ ಹಲವು ನದಿಗಳ ವಾರ್ಷಿಕ ಹರಿವು ಹೆಚ್ಚಿರುವುದಕ್ಕೆ, ದಡ ಕೊರೆದು ಪಾತ್ರ ಅಗಲವಾಗಿರುವುದಕ್ಕೆ ಮಳೆಗಿಂತ ಈ ಬಸಿಯುವಿಕೆಯೇ ಮುಖ್ಯ ಕಾರಣವೆಂದು ಅಲ್ಲಿನ ಅಧ್ಯಯನವೊಂದು ಹೇಳಿದೆ.

ನೀರಿನ ಜೊತೆಗೆ ಗೊಬ್ಬರದ ನೈಟ್ರೇಟೂ ಇಳಿಯುತ್ತದೆ. ಮಣ್ಣು ಅದನ್ನು ಹಿಡಿದಿಡಲಾರದು. ರಕೂನ್ ನದಿಯ ನೀರು ಕುಡಿಯುವ ಅಯೋವಾದ ಡಿಮೊಯ್ನ್ ನಗರ ನೈಟ್ರೇಟ್ ತೆಗೆಯಲೆಂದೇ 1990ರ ದಶಕದ ಆರಂಭದಲ್ಲಿ ದೊಡ್ಡ ಘಟಕ ಕಟ್ಟಬೇಕಾಯಿತು. 2015ರಲ್ಲಿ ನಗರದ ಜಲಮಂಡಳಿ ಮೇಲ್ಭಾಗದ ಮೂರು ಕೌಂಟಿಗಳ ಬಸಿಗಾಲುವೆ ಮಂಡಳಿಗಳ ಮೇಲೆ ದಾವೆ ಹೂಡಿತು. 2017ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಪರಿಹಾರವೇನಿದ್ದರೂ ಶಾಸನಸಭೆ ಹುಡುಕಬೇಕಂತೆ. ಕಾರ್ಖಾನೆಯ ಕೊಳವೆಗೆ ಪರವಾನಗಿ ಬೇಕು, ಹೊಲದ ಕೊಳವೆಗೆ ಬೇಡ. ಹೊಳೆಗೆ ಇವೆರಡರ ವ್ಯತ್ಯಾಸ ತಿಳಿಯುವುದು ಹೇಗೆ?

ನಮ್ಮಲ್ಲೂ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತಕ್ಕೆ ನೀರು ಕಟ್ಟಿ ಕಟ್ಟಿ ಎರೆಭೂಮಿ ಸವಳು-ಜವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹುಕಾಲದಿಂದ ಬಸಿಗೊಳವೆಗಳ ಪ್ರಯೋಗ ನಡೆಸಿದೆ. ಉಪ್ಪುಗಟ್ಟಿದ ಹೊಲಕ್ಕೆ ಅವು ಬೇಕೇಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಬಸಿದ ಉಪ್ಪುನೀರು ಕೆಳಗಿನ ಊರಿನ ಹಳ್ಳಕ್ಕೆ ಹೋಗುತ್ತದೆ. ಕೊಳವೆ ಹೂಳುವ ಯೋಜನೆಗೆ ಅಂದಾಜುಪಟ್ಟಿ ಬರೆಯುವ ಎಂಜಿನಿಯರುಗಳು ಅದರ ಹೊರಬಾಯಿಯಲ್ಲಿ ನೀರು, ಉಪ್ಪು, ನೈಟ್ರೇಟ್ ಅಳೆಯುವ ಖರ್ಚನ್ನೂ ಅದೇ ಪಟ್ಟಿಗೆ ಸೇರಿಸಲಿ.